ಹಿತ್ತಾಳೆಯ ಬಿಲ್ಲೆಯೂ ಸೆಷನ್ ಗುರುತೂ

ಕಲ್ಕತ್ತೆಯ ಲಾಲ್ ದಿಘಿ ಕೆರೆಯ ಸುತ್ತಲೂ ಹಬ್ಬಿರುವ ಕಛೇರಿಗಳ ಕೇರಿಗೆ ಹಿಂದೆ ಡಾಲ್‌ಹೌಸಿ ಚೌಕವೆಂದು ಹೆಸರಿತ್ತು. 1930ರ ಡಿಸೆಂಬರ್ 8ರಂದು ಅಲ್ಲಿಯ ರೈಟರ್ಸ್ ಕಟ್ಟಡವನ್ನು ಹೊಕ್ಕು, ಸೆರೆಮನೆಗಳ ಮುಖ್ಯಾಧಿಕಾರಿಯಾಗಿದ್ದ ಸಿಂಪ್ಸನ್ನನನ್ನು ಗುಂಡಿಟ್ಟು ಕೊಂದ ಬಿನಯ್, ಬಾದಲ್, ದಿನೇಶ್ ಎಂಬ ಮೂವರು ತರುಣರ ನೆನಪಿಗಾಗಿ ಅದು ಈಗ ಬಿಬಿಡಿ ಬಾಗ್ ಎನಿಸಿಕೊಂಡಿದೆ. ಹೆಸರು ಬದಲಾದರೂ ಅಲ್ಲಿಯ ಕಸುಬು ಬದಲಾಗಲಿಲ್ಲ. ರೈಟರ್ ಎಂದರೆ ಈಸ್ಟ್ ಇಂಡಿಯಾ ಕಂಪೆನಿಯ ಕಿರಿಯ ಗುಮಾಸ್ತನೇ ಅಲ್ಲವೆ? 1868ರಲ್ಲಿ ಎದ್ದುನಿಂತ ದೊಡ್ಡ ಅಂಚೆ ಕಛೇರಿ, ರಿಸರ್ವ್ ಬ್ಯಾಂಕಿನ ಕಛೇರಿ, ಸ್ವಲ್ಪ ಆಚೆಗೆ ಫೇರ್ಲಿ ಪ್ಲೇಸಿನಲ್ಲಿ ಪೂರ್ವ ರೈಲ್ವೆಯ ಮುಖ್ಯ ಕಛೇರಿ, ನಡುನಡುವೆ ಬ್ಯಾಂಕುಗಳು: ಎಲ್ಲೆಲ್ಲಿಯೂ ಕೌಂಟರು, ಸಾಲು, ಅಂಕಿ.

ಇಂಥ ಕೇರಿಗಳು ನಮ್ಮವರಿಗೆ ಅಪರಿಚಿತವಲ್ಲ. 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕು, 1925ರಲ್ಲಿ ಉಡುಪಿಯಲ್ಲಿ ಹುಟ್ಟಿ 2020ರಲ್ಲಿ ಕೆನರಾದೊಡನೆ ಸೇರಿಹೋದ ಸಿಂಡಿಕೇಟ್ ಬ್ಯಾಂಕು ಮುಂತಾದವು ಕರಾವಳಿಯ ಹುಡುಗರನ್ನು ಗುಮಾಸ್ತರನ್ನಾಗಿ ದೇಶದ ಮೂಲೆಮೂಲೆಗೆ ಕಳುಹಿಸಿದುವು. ಬ್ಯಾಂಕು ಕರೆಯದವರನ್ನು ಹೋಟೆಲು ಕರೆಯಿತು. ಆದುದರಿಂದ ಹಿತ್ತಾಳೆಯ ಬಿಲ್ಲೆಯೆಂದರೆ ಏನೆಂಬುದನ್ನು ನಮ್ಮ ಹಿರಿಯ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಿರಿಯರಿಗಾಗಿ ಹೇಳುತ್ತೇವೆ.

ಹಣ ಪಡೆಯಲು ಬಂದವನು ಚೆಕ್ಕನ್ನು ಕೌಂಟರಿನಲ್ಲಿ ಕೊಟ್ಟರೆ, ಗುಮಾಸ್ತನು ಅಂಕಿ ಕೊರೆದ ಹಿತ್ತಾಳೆಯ ಬಿಲ್ಲೆಯೊಂದನ್ನು ಅವನ ಕೈಗಿತ್ತು, ಅದೇ ಅಂಕಿಯನ್ನು ಚೆಕ್ಕಿನ ಮೇಲೂ ಪುಸ್ತಕದಲ್ಲಿಯೂ ಬರೆದುಕೊಳ್ಳುತ್ತಿದ್ದನು. ಚೆಕ್ಕು ಒಳಗೊಳಗೇ ಲೆಡ್ಜರಿನ ಮೇಜಿಗೆ, ಅಲ್ಲಿಂದ ಅಧಿಕಾರಿಯ ರುಜುವಿಗೆ, ಕೊನೆಗೆ ಕ್ಯಾಷಿಯರನ ಪಂಜರಕ್ಕೆ ಬಂದು ಸೇರುತ್ತಿತ್ತು. ಅಷ್ಟರವರೆಗೆ ಬಂದವನು ಬೆಂಚಿನ ಮೇಲೆ ಕುಳಿತು ಆಕಳಿಸುತ್ತಿದ್ದನು. ಕ್ಯಾಷಿಯರನು ಅಂಕಿಯನ್ನು ಕೂಗಿ, ಬಿಲ್ಲೆಯನ್ನು ತೆಗೆದುಕೊಂಡು, ಹಣವನ್ನು ಎಣಿಸಿ ಕೊಡುತ್ತಿದ್ದನು. ಸಹಿಯನ್ನು ಪರೀಕ್ಷಿಸುವ ಕೆಲಸ ಹಿಂದಿನ ಮೇಜಿನಲ್ಲಿಯೇ ಮುಗಿದಿರುತ್ತಿದ್ದುದರಿಂದ, ಜನಜಂಗುಳಿಯ ದಿನ ಕ್ಯಾಷಿಯರನು ನೋಡುತ್ತಿದ್ದುದು ಮುಖವನ್ನಲ್ಲ, ಬಿಲ್ಲೆಯನ್ನು. ಬೆಂಚಿನ ಮೇಲೆ ಬಿಲ್ಲೆಯನ್ನು ಮರೆತು ಎದ್ದುಹೋದವನ ಗತಿ ಏನಾಗಬಹುದೆಂಬುದನ್ನು ವಾಚಕರೇ ಊಹಿಸಬಹುದು. ಅದಕ್ಕಾಗಿಯೇ ಬ್ಯಾಂಕುಗಳಲ್ಲಿ ಸಂಜೆ ಬಿಲ್ಲೆಗಳನ್ನೆಲ್ಲ ಎಣಿಸಿ ಪುಸ್ತಕಕ್ಕೆ ತಾಳೆನೋಡುವ ಪದ್ಧತಿಯಿತ್ತು. ಒಂದು ಕಡಿಮೆಯಾದರೂ ಮನೆಗೆ ಹೋಗುವಂತಿರಲಿಲ್ಲ.

ಈ ಬಿಲ್ಲೆ ಈಗ ಬಹುಮಟ್ಟಿಗೆ ಕಣ್ಮರೆಯಾಗಿದೆಯೆಂದು ಜನ ಹೇಳುತ್ತಾರೆ. ನಾವು ಹಾಗೆನ್ನುವುದಿಲ್ಲ. ಅದು ಕಣ್ಣಿಗೆ ಕಾಣದ ರೂಪ ತಾಳಿ, ಊರಿಗೆ ಹಣ ಕಳುಹಿಸುವ ಪ್ರತಿಯೊಬ್ಬ ಹೋಟೆಲು ಕೆಲಸಗಾರನ ಮೊಬೈಲಿನೊಳಗೆ ಕುಳಿತಿದೆ. ಅದರ ಹೆಸರು ಸೆಷನ್ ಗುರುತು. ಅದನ್ನು ಸರಿಯಾಗಿ ಕೊಡುವರೇ, ಸರಿಯಾಗಿ ಹಿಂದಕ್ಕೆ ಪಡೆಯುವರೇ ಎಂದು ಪರೀಕ್ಷಿಸುವ ಒಂದು ವೃತ್ತಿಯೇ ಬೆಳೆದಿದೆ. ನಮ್ಮ ಮನೆಗಳ ಎಷ್ಟೋ ಹುಡುಗ ಹುಡುಗಿಯರು ಬೆಂಗಳೂರಿನಲ್ಲಿಯೂ ಕಲ್ಕತ್ತೆಯ ಸಾಲ್ಟ್ ಲೇಕಿನಲ್ಲಿಯೂ ಇದೇ ಕೆಲಸದಿಂದ ಅನ್ನ ಸಂಪಾದಿಸುತ್ತಿದ್ದಾರೆ. ಮಕ್ಕಳು ಏನು ಕೆಲಸ ಮಾಡುತ್ತಾರೆಂದು ಕೇಳಿದರೆ ‘ಕಂಪ್ಯೂಟರಿನಲ್ಲಿ ಏನೋ ಟೆಸ್ಟಿಂಗ್’ ಎಂದು ತಂದೆತಾಯಿಗಳು ಹೇಳಿ ಸುಮ್ಮನಾಗುವುದುಂಟು. ಆ ‘ಏನೋ’ ಎಂಬುದರ ಒಂದು ಭಾಗವನ್ನು ಇಲ್ಲಿ ವಿವರಿಸುತ್ತೇವೆ.

ಮೊದಲು, ಗುರುತು ಏಕೆ ಬೇಕಾಯಿತು? ಅಂತರಜಾಲದ ಪುಟಗಳನ್ನು ತಂದುಕೊಡುವ ಎಚ್‌ಟಿಟಿಪಿ ಎಂಬ ಕ್ರಮವನ್ನು ಜಿನೀವಾದ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್ ಲೀ ಎಂಬವರು 1990ರ ಸುಮಾರಿಗೆ ರೂಪಿಸಿದರು. ಅದಕ್ಕೆ ನೆನಪೆಂಬುದಿಲ್ಲ. ನಮ್ಮ ಹೋಟೆಲಿನ ಮಾಣಿಯೊಬ್ಬನನ್ನು ಕಲ್ಪಿಸಿಕೊಳ್ಳಿರಿ. ಮೂರನೆಯ ಮೇಜಿನವರು ಮಸಾಲೆದೋಸೆ ಕೇಳಿದರೆ ತಂದಿಡುತ್ತಾನೆ. ತಂದಿಟ್ಟೊಡನೆ ಎಲ್ಲವನ್ನೂ ಮರೆತುಬಿಡುತ್ತಾನೆ. ಅದೇ ಗಿರಾಕಿ ಕಾಫಿ ಕೇಳಿದರೆ ‘ತಾವು ಯಾರು?’ ಎನ್ನುತ್ತಾನೆ. ಬಿಲ್ಲು ಬರೆಯುವಾಗ ದೋಸೆಯನ್ನು ತಿಂದವರು ಯಾರೆಂಬುದೇ ಅವನಿಗೆ ತಿಳಿಯದು. ಪುಟ ಓದುವುದಕ್ಕೆ ಇಂಥ ಮಾಣಿಯಾದರೂ ಸಾಕು, ವ್ಯಾಪಾರಕ್ಕೆ ಸಾಲದು. 1994ರಲ್ಲಿ ನೆಟ್‌ಸ್ಕೇಪ್ ಕಂಪೆನಿಯ ಲೂ ಮಾಂಟುಲಿ ಎಂಬ ತರುಣನು ಇದಕ್ಕೊಂದು ಉಪಾಯ ಹೂಡಿದನು. ಸರ್ವರ್ ಮೊದಲ ಸಲವೇ ಒಂದು ಚಿಕ್ಕ ಬರಹವನ್ನು ಗಿರಾಕಿಯ ಯಂತ್ರಕ್ಕೆ ಕೊಡುವುದು. ಆ ಯಂತ್ರ ಪ್ರತಿ ಸಲ ಬರುವಾಗಲೂ ಅದನ್ನು ತೋರಿಸುವುದು. ಕುಕಿ ಎಂಬ ತಿಂಡಿಯ ಹೆಸರು ಅದಕ್ಕೆ ಅಂಟಿಕೊಂಡಿತು. ಆ ಕುಕಿಯಲ್ಲಿ ಬರೆದಿಡುವ ಉದ್ದನೆಯ, ಅರ್ಥವಿಲ್ಲದ ಅಂಕಿ ಅಕ್ಷರಗಳ ಸಾಲೇ ಸೆಷನ್ ಗುರುತು. ನೀವು ಗುಪ್ತಪದ ಕೊಟ್ಟು ಒಳಹೊಕ್ಕ ಬಳಿಕ ಸರ್ವರ್ ಮತ್ತೆ ಮತ್ತೆ ಗುಪ್ತಪದವನ್ನು ಕೇಳದಿರುವುದು ಈ ಬಿಲ್ಲೆ ನಿಮ್ಮಲ್ಲಿರುವುದರಿಂದ.

ಹೀಗಿರಲು, ಬಿಲ್ಲೆ ಯಾರ ಕೈಯಲ್ಲಿದೆಯೋ ಅವನೇ ನೀವು. ಗುಪ್ತಪದವನ್ನಾಗಲಿ ಓಟಿಪಿಯನ್ನಾಗಲಿ ಕದಿಯುವ ಶ್ರಮ ಕಳ್ಳನಿಗೆ ಬೇಡ; ಅವೆರಡನ್ನೂ ಕೊಟ್ಟು ನೀವು ಪಡೆದ ಬಿಲ್ಲೆಯೇ ಸಾಕು. 2010ರ ಅಕ್ಟೋಬರಿನಲ್ಲಿ ಎರಿಕ್ ಬಟ್ಲರ್ ಎಂಬ ಅಮೆರಿಕದ ತರುಣನು ಫೈರ್‌ಶೀಪ್ ಎಂಬ ಸಣ್ಣ ಸಾಧನವನ್ನು ಬಹಿರಂಗವಾಗಿ ಹಂಚಿದನು. ಕಾಫಿ ಅಂಗಡಿಯ ವೈಫೈಯಲ್ಲಿ ಪಕ್ಕದ ಮೇಜಿನವನ ಕುಕಿಯನ್ನು ಗಾಳಿಯಲ್ಲಿಯೇ ಹಿಡಿದು, ಒಂದು ಗುಂಡಿಯೊತ್ತಿ ಅವನ ಫೇಸ್‌ಬುಕ್ಕಿನೊಳಗೆ ಹೋಗಬಹುದಾಗಿತ್ತು. ಕಳ್ಳತನ ಕಲಿಸುವುದು ಅವನ ಉದ್ದೇಶವಾಗಿರಲಿಲ್ಲ. ದೊಡ್ಡ ಕಂಪೆನಿಗಳು ಲಾಗಿನ್ ಪುಟಕ್ಕೆ ಮಾತ್ರ ಗೂಢಲಿಪಿಯ ಕಾವಲಿಟ್ಟು, ಬಿಲ್ಲೆಯನ್ನು ಬಯಲಿನಲ್ಲಿ ಸಾಗಿಸುತ್ತಿವೆಯೆಂದು ತೋರಿಸಬೇಕಾಗಿತ್ತು. ಆ ಬಳಿಕ ಅವು ಒಂದೊಂದಾಗಿ ಪ್ರಯಾಣದುದ್ದಕ್ಕೂ ಗೂಢಲಿಪಿಯನ್ನು ಬಳಸತೊಡಗಿದುವು.

ಇದಿಷ್ಟು ಮನುಷ್ಯನು ಪರದೆ ನೋಡಿ ಮಾಡುವ ವ್ಯವಹಾರದ ಮಾತಾಯಿತು. ಇನ್ನೊಂದು ಬಗೆಯಿದೆ, ಅದಕ್ಕೆ ವೆಬ್ ಸೇವೆಯೆನ್ನುತ್ತಾರೆ. ಅಲ್ಲಿ ಪರದೆಯೇ ಇಲ್ಲ. ಒಂದು ಕ್ರಮವಿಧಿ ಇನ್ನೊಂದು ಕ್ರಮವಿಧಿಯನ್ನು ಕೇಳುತ್ತದೆ, ಅದು ಉತ್ತರಿಸುತ್ತದೆ. ಟಿಕೆಟಿನ ಆ್ಯಪು ರೈಲ್ವೆಯ ಸರ್ವರನ್ನು ಸೀಟು ಕೇಳುವುದೂ, ಒಂದು ಬ್ಯಾಂಕು ಇನ್ನೊಂದು ಬ್ಯಾಂಕಿಗೆ ‘ಇಷ್ಟು ಹಣ ಜಮೆಮಾಡು’ ಎನ್ನುವುದೂ ಹೀಗೆಯೇ. ನಡುವೆ ಕನ್ನಡಕ ಏರಿಸಿಕೊಂಡು ಚೆಕ್ಕನ್ನು ತಿರುಗಿಸಿ ನೋಡುವ ಗುಮಾಸ್ತನಿಲ್ಲ. ತಪ್ಪಾದರೆ ಯಂತ್ರದ ವೇಗದಲ್ಲಿಯೇ ತಪ್ಪಾಗುತ್ತದೆ. ಬಿಬಿಡಿ ಬಾಗಿನ ಮಗ್ಗುಲಲ್ಲಿಯೇ ಮುಖ್ಯ ಕಛೇರಿಯುಳ್ಳ, 1943ರಲ್ಲಿ ಸ್ಥಾಪಿತವಾದ ಯುಕೋ ಬ್ಯಾಂಕಿನಲ್ಲಿ 2023ರ ನವೆಂಬರ್ 10ರಿಂದ 13ರವರೆಗೆ ನಡೆದುದನ್ನು ನೆನೆಯಬಹುದು. ಬೇರೆ ಬ್ಯಾಂಕುಗಳಲ್ಲಿ ‘ವಿಫಲ’ವೆಂದು ದಾಖಲಾದ ಐಎಂಪಿಎಸ್ ವ್ಯವಹಾರಗಳು ಯುಕೋ ಬ್ಯಾಂಕಿನ ಸುಮಾರು 41,000 ಖಾತೆಗಳಲ್ಲಿ ಜಮೆಯಾಗಿಬಿಟ್ಟುವು. ಮೊತ್ತ ಸುಮಾರು 820 ಕೋಟಿ ರೂಪಾಯಿ. ಬಹುಪಾಲನ್ನು ಬ್ಯಾಂಕು ಹಿಂದಕ್ಕೆ ಪಡೆಯಿತು. ತನಿಖೆ ಸಿಬಿಐಗೆ ಹೋಯಿತು. ಅದು ಸೆಷನ್ ಗುರುತಿನ ಪ್ರಕರಣವೆಂದು ನಾವು ಹೇಳುತ್ತಿಲ್ಲ. ಎರಡು ಯಂತ್ರಗಳ ಸಂಭಾಷಣೆಯಲ್ಲಿ ಒಂದು ‘ಇಲ್ಲ’ವೆಂದುದನ್ನು ಇನ್ನೊಂದು ‘ಹೌದು’ ಎಂದು ತಿಳಿದರೆ ಅದರ ಬೆಲೆ ಎಷ್ಟೆಂಬುದನ್ನು ತೋರಿಸುವುದಕ್ಕಾಗಿ ಮಾತ್ರ ಇದನ್ನು ಎತ್ತಿದೆವು.

ಇನ್ನು ಪರೀಕ್ಷಕನ ಕೆಲಸಕ್ಕೆ ಬರೋಣ. ವೆಬ್ ಸೇವೆಯನ್ನು ಪರೀಕ್ಷಿಸುವವನು ತಾನೇ ಗಿರಾಕಿಯ ಕ್ರಮವಿಧಿಯಂತೆ ನಟಿಸಬೇಕು. ಸೋಪ್ ಯುಐ, ಪೋಸ್ಟ್‌ಮನ್, ಜೆಮೀಟರ್ ಎಂಬ ಸಾಧನಗಳು ಇದಕ್ಕಾಗಿ ಇವೆ. ಹೊಸಬರು ಸಾಮಾನ್ಯವಾಗಿ ಎಡವುವುದು ಮೊದಲ ಮೆಟ್ಟಿಲಿನಲ್ಲಿಯೇ. ಒಮ್ಮೆ ಕೈಯಾರೆ ಲಾಗಿನ್ ಮಾಡಿ, ನಡೆದುದನ್ನೆಲ್ಲ ಸಾಧನದಲ್ಲಿ ಮುದ್ರಿಸಿಕೊಂಡು, ಮರುದಿನ ಅದನ್ನೇ ಮತ್ತೆ ಓಡಿಸುತ್ತಾರೆ. ಎಲ್ಲವೂ ಕೆಡುತ್ತದೆ. ಏಕೆಂದರೆ ಮುದ್ರಣದೊಳಗೆ ಉಳಿದುದು ನಿನ್ನೆಯ ಬಿಲ್ಲೆ. ನಿನ್ನೆಯ ಬಿಲ್ಲೆಯನ್ನು ಹಿಡಿದು ಇಂದಿನ ಕೌಂಟರಿಗೆ ಹೋದರೆ ಯಾವ ಕ್ಯಾಷಿಯರನು ಹಣ ಕೊಟ್ಟಾನು? ಸೇವೆಯಲ್ಲಿ ದೋಷವಿದೆಯೆಂದು ವರದಿ ಬರೆದು, ಆಮೇಲೆ ನಗೆಗೀಡಾದವರು ಈ ವೃತ್ತಿಯಲ್ಲಿ ಬಹಳ ಮಂದಿ.

ಸರಿಯಾದ ಕ್ರಮವಿದು. ಪರೀಕ್ಷೆಯ ಮೊದಲ ಹೆಜ್ಜೆ ಪ್ರತಿಸಲವೂ ಹೊಸದಾಗಿ ಲಾಗಿನ್. ಎರಡನೆಯದಾಗಿ, ಸರ್ವರಿನ ಉತ್ತರದಿಂದ ಗುರುತನ್ನು ಹೆಕ್ಕಿ ತೆಗೆಯುವುದು. ಬಳಿಕ ಮುಂದಿನ ಪ್ರತಿಯೊಂದು ಕೋರಿಕೆಯಲ್ಲಿ ಅದನ್ನು ತಕ್ಕ ಸ್ಥಳದಲ್ಲಿ ಇಡುವುದು. ಕೊನೆಯಲ್ಲಿ ಲಾಗೌಟ್. ಗುರುತು ಕುಕಿಯಲ್ಲಿ ಬರುವುದಾದರೆ ಕೆಲಸ ಸುಲಭ. ಸೋಪ್ ಯುಐಯಲ್ಲಿ ಸೆಷನ್ನನ್ನು ಕಾಯ್ದುಕೊಳ್ಳೆಂಬ ಆಯ್ಕೆಗೆ ಗುರುತು ಹಾಕಿದರಾಯಿತು. ಜೆಮೀಟರಿನಲ್ಲಿ ಕುಕಿ ಮ್ಯಾನೇಜರನ್ನು ಸೇರಿಸಿದರಾಯಿತು. ಆದರೆ ಅನೇಕ ಸೇವೆಗಳು ಗುರುತನ್ನು ಕುಕಿಯಲ್ಲಿ ಕೊಡದೆ ಉತ್ತರದ ಒಡಲಿನಲ್ಲಿಯೇ ಒಂದು ಸಾಲಾಗಿ ಬರೆದು ಕಳುಹಿಸುತ್ತವೆ. ಆಗ ಸಾಧನವು ತಾನಾಗಿ ಅದನ್ನು ಹೊರುವುದಿಲ್ಲ. ಉತ್ತರದಲ್ಲಿ ಅದು ಎಲ್ಲಿದೆಯೆಂದು ತೋರಿಸಿ, ಅಲ್ಲಿಂದ ಎತ್ತಿ, ಮುಂದಿನ ಕೋರಿಕೆಯ ತಲೆಬರಹಕ್ಕೋ ಒಡಲಿಗೋ ವರ್ಗಾಯಿಸುವಂತೆ ಪರೀಕ್ಷಕನೇ ಬರೆದಿಡಬೇಕು. ಸೋಪ್ ಯುಐ ಇದನ್ನು ಪ್ರಾಪರ್ಟಿ ಟ್ರಾನ್ಸ್‌ಫರ್ ಎಂದು ಕರೆಯುತ್ತದೆ. ಹೆಸರು ಕೇಳಿದರೆ ನಮ್ಮವರಿಗೆ ಸಬ್‌ರಿಜಿಸ್ಟ್ರಾರರ ಕಛೇರಿ ನೆನಪಾದೀತು!

ಒಬ್ಬ ಗಿರಾಕಿಯ ಪರೀಕ್ಷೆ ಇಷ್ಟಕ್ಕೆ ಮುಗಿಯಿತು. ನೂರು ಮಂದಿ ಒಮ್ಮೆಲೇ ನುಗ್ಗಿದರೆ ಸೇವೆ ತಡೆದೀತೇ ಎಂದು ನೋಡುವಾಗ ಇನ್ನೊಂದು ಅಪಾಯ ಕಾದಿದೆ. ಬೆಳಿಗ್ಗೆ ಹತ್ತು ಗಂಟೆಗೆ ಹವಾನಿಯಂತ್ರಿತ ವರ್ಗಗಳಿಗೂ ಹನ್ನೊಂದಕ್ಕೆ ಸ್ಲೀಪರಿಗೂ ತತ್ಕಾಲ್ ತೆರೆಯುವ ಗದ್ದಲವನ್ನು ಊರಿಗೆ ಹೊರಟ ಯಾರು ಅನುಭವಿಸಿಲ್ಲ? ಅಂಥ ನೂಕುನುಗ್ಗಲನ್ನು ಕೃತಕವಾಗಿ ಸೃಷ್ಟಿಸುವಾಗ ಸೋಮಾರಿ ಪರೀಕ್ಷಕನು ಒಂದೇ ಬಾರಿ ಲಾಗಿನ್ ಮಾಡಿ, ಆ ಒಂದೇ ಗುರುತನ್ನು ನೂರು ಕೃತಕ ಗಿರಾಕಿಗಳಿಗೂ ಹಂಚಿಬಿಡುತ್ತಾನೆ. ಸರ್ವರಿನ ದೃಷ್ಟಿಯಲ್ಲಿ ಅವರೆಲ್ಲ ಒಬ್ಬನೇ. ಒಬ್ಬನು ಸೀಟು ಆರಿಸುವಷ್ಟರಲ್ಲಿ ಇನ್ನೊಬ್ಬನು ಅದೇ ಬುಟ್ಟಿಯಿಂದ ತೆಗೆದುಹಾಕುತ್ತಾನೆ. ಮೂರನೆಯವನು ಲಾಗೌಟ್ ಮಾಡಿದೊಡನೆ ಉಳಿದ ತೊಂಬತ್ತೊಂಬತ್ತು ಮಂದಿ ಬೀದಿಪಾಲು. ಇದಕ್ಕಿಂತ ಕೆಟ್ಟದೆಂದರೆ ಕೆಲವೊಮ್ಮೆ ಎಲ್ಲವೂ ಸರಿಯಾಗಿ ಓಡಿದಂತೆ ಕಾಣುವುದು. ನೂರು ಲಾಗಿನ್ನುಗಳ ಭಾರವನ್ನೂ ನೂರು ಸೆಷನ್ನುಗಳ ನೆನಪನ್ನೂ ಸರ್ವರ್ ಹೊತ್ತೇ ಇಲ್ಲ. ಆದರೂ ವರದಿಯಲ್ಲಿ ‘ಉತ್ತೀರ್ಣ’. ನಿಜವಾದ ನೂರು ಮಂದಿ ಬಂದ ದಿನ ನಿಜ ತಿಳಿಯುತ್ತದೆ. ಆದಕಾರಣ ಪ್ರತಿಯೊಬ್ಬ ಕೃತಕ ಗಿರಾಕಿಗೂ ಅವನದೇ ಲಾಗಿನ್, ಅವನದೇ ಗುರುತು ಇರಲೇಬೇಕು.

ಹಣ ಕೊಡುವುದನ್ನು ಪರೀಕ್ಷಿಸಿದರೆ ಅರ್ಧ ಕೆಲಸವಾಯಿತು. ಕೊಡದಿರುವುದನ್ನು ಪರೀಕ್ಷಿಸಬೇಕಾದುದು ಇನ್ನರ್ಧ. ನಮ್ಮ ಅಭಿಪ್ರಾಯದಲ್ಲಿ ಅದೇ ಹೆಚ್ಚಿನದು. ಲಾಗೌಟ್ ಮಾಡಿದ ಮೇಲೆ ಹಳೆಯ ಗುರುತನ್ನೇ ಹಿಡಿದು ಮತ್ತೆ ಬಾಕಿ ಮೊತ್ತ ಕೇಳಬೇಕು, ಸೇವೆ ನಿರಾಕರಿಸಬೇಕು. ಕೆಲವು ಸೇವೆಗಳು ಲಾಗೌಟಿನ ವೇಳೆ ಗಿರಾಕಿಯ ಯಂತ್ರದಿಂದ ಕುಕಿಯನ್ನು ಅಳಿಸಿ, ತಮ್ಮ ಪುಸ್ತಕದಲ್ಲಿ ಅಂಕಿಯನ್ನು ಹಾಗೆಯೇ ಜೀವಂತವಾಗಿ ಬಿಟ್ಟಿರುತ್ತವೆ. ಬಿಲ್ಲೆಯ ನಕಲು ಮಾಡಿಕೊಂಡವನಿಗೆ ಬಾಗಿಲು ತೆರೆದೇ ಇದ್ದಂತಾಯಿತು. ಸುಮ್ಮನೆ ಬಿಟ್ಟ ಸೆಷನ್ ನಿಗದಿಯಾದ ಹೊತ್ತಿನ ಬಳಿಕ ತಾನಾಗಿ ಸಾಯುವುದೇ ಎಂದೂ ಕಾದು ನೋಡಬೇಕು. 2021ರ ಫೆಬ್ರವರಿ 18ರಂದು ಡಿಜಿಟಲ್ ಪಾವತಿಯ ಭದ್ರತೆಗಾಗಿ ರಿಸರ್ವ್ ಬ್ಯಾಂಕು ಹೊರಡಿಸಿದ ನಿರ್ದೇಶನದಲ್ಲಿ, ಚಟುವಟಿಕೆಯಿಲ್ಲದೆ ಗೊತ್ತಾದ ಅವಧಿ ಕಳೆದ ಸೆಷನ್ನನ್ನು ತಾನಾಗಿ ಮುಗಿಸಬೇಕೆಂಬ ವಿಧಿಯಿದೆ. ಅರ್ಜಿ ತುಂಬುತ್ತಿರುವಾಗ ‘ಸೆಷನ್ ಮುಗಿದಿದೆ’ ಎಂಬ ಸಂದೇಶ ಬಂದರೆ ನಾವೆಲ್ಲ ಶಪಿಸುವುದುಂಟು. ಶಾಪಕ್ಕೆ ಪಾತ್ರವಾದುದು ನಮ್ಮ ಕಾವಲುಗಾರನೇ.

ಲಾಗಿನ್‌ಗೆ ಮೊದಲು ಇದ್ದ ಗುರುತು ಲಾಗಿನ್ ಆದ ಬಳಿಕವೂ ಅದೇ ಇದೆಯೇ ಎಂದು ಹೋಲಿಸಬೇಕು. ಇದ್ದರೆ ಅದು ದೋಷ. ಕಳ್ಳನು ಮೊದಲೇ ಒಂದು ಬಿಲ್ಲೆಯನ್ನು ಪಡೆದು, ಅದರ ಅಂಕಿಯನ್ನು ಬರೆದಿಟ್ಟುಕೊಂಡು, ಉಪಾಯದಿಂದ ಅದನ್ನು ನಿಮ್ಮ ಕೈಯಲ್ಲಿಟ್ಟರೆ, ನೀವು ಗುಪ್ತಪದ ಕೊಟ್ಟು ಅದಕ್ಕೆ ಜೀವ ತುಂಬಿದ ಗಳಿಗೆಯಲ್ಲಿಯೇ ಅವನೂ ಒಳಗಿರುತ್ತಾನೆ. ಮೂರನೆಯ ಪರೀಕ್ಷೆಗೆ ಇಬ್ಬರು ಬೇಕು. ಒಬ್ಬನ ಗುರುತನ್ನು ತೋರಿಸಿ ಇನ್ನೊಬ್ಬನ ಖಾತೆಯ ಸಂಖ್ಯೆಯನ್ನು ಕೇಳಬೇಕು. ಬಿಲ್ಲೆ ನಿಜವಾದುದೆಂಬ ಕಾರಣಕ್ಕೆ ಯಾರ ಚೆಕ್ಕಿಗಾದರೂ ಹಣ ಕೊಡುವ ಕ್ಯಾಷಿಯರನಂತೆ ಕೆಲವು ಸೇವೆಗಳು ವರ್ತಿಸುತ್ತವೆ. ಗುರುತು 101, 102, 103 ಎಂದು ಸಾಲಾಗಿ ಬರುತ್ತಿದ್ದರಂತೂ ಹೇಳುವುದೇ ಬೇಡ. ಹಿತ್ತಾಳೆಯ ಬಿಲ್ಲೆಗೆ ಆ ಕ್ರಮ ನಡೆಯುತ್ತಿತ್ತು, ಏಕೆಂದರೆ ಅಂಕಿ ತಿಳಿದರೂ ಲೋಹದ ತುಂಡು ಬೇಕಾಗಿತ್ತು. ಇಲ್ಲಿ ಅಂಕಿಯೇ ಬಿಲ್ಲೆ. ಅದು ಊಹೆಗೆ ನಿಲುಕದಷ್ಟು ಉದ್ದವೂ ಕ್ರಮರಹಿತವೂ ಆಗಿರಬೇಕು.

ಹೋಟೆಲಿನವರಿಗೆ ಇನ್ನೊಂದು ಪದ್ಧತಿ ಸುಲಭವಾಗಿ ಅರ್ಥವಾದೀತು. ದರ್ಶಿನಿಗಳಲ್ಲಿ ಗಲ್ಲಾದವನು ‘ಎರಡು ಇಡ್ಲಿ, ಒಂದು ವಡೆ’ ಎಂದು ಮುದ್ರಿಸಿದ ಚೀಟಿ ಕೊಡುತ್ತಾನೆ. ಅಡಿಗೆಯ ಕಟ್ಟೆಯವನು ಚೀಟಿ ನೋಡಿ ಕೊಡುತ್ತಾನಲ್ಲದೆ ಗಲ್ಲಾದವನನ್ನು ಕೇಳಲು ಹೋಗುವುದಿಲ್ಲ. ಹಾಗೆಯೇ ಈಚಿನ ಅನೇಕ ವೆಬ್ ಸೇವೆಗಳು ಗಿರಾಕಿಯ ವಿವರಗಳನ್ನೆಲ್ಲ ಗುರುತಿನೊಳಗೇ ಬರೆದು ಮೊಹರು ಹಾಕಿ ಕೊಡುತ್ತವೆ. ಪುಸ್ತಕ ಇಡುವ ತೊಡಕೇ ಇಲ್ಲ. ಕೆಲಸ ವೇಗವಾಗಿ ಸಾಗುತ್ತದೆ, ನಿಜ. ಆದರೆ ಪುಸ್ತಕವಿಲ್ಲದ ಮೇಲೆ ಅದರಲ್ಲಿ ಅಂಕಿಯನ್ನು ಹೊಡೆದುಹಾಕುವುದೆಲ್ಲಿ? ಕಳುವಾದ ಚೀಟಿ ಅದರ ಅವಧಿ ಮುಗಿಯುವವರೆಗೂ ನಡೆಯುತ್ತದೆ. ಆದುದರಿಂದ ಇಂಥ ಸೇವೆಯನ್ನು ಪರೀಕ್ಷಿಸುವವನು ಅವಧಿ ಎಷ್ಟೆಂಬುದನ್ನು ಮೊದಲು ಕೇಳಬೇಕು. ಮೊಹರಿನ ಕೆಳಗಿನ ಒಂದಕ್ಷರವನ್ನು ತಿದ್ದಿದರೆ ಸೇವೆ ಅದನ್ನು ತಳ್ಳಿಹಾಕುವುದೇ ಎಂದು ನೋಡಬೇಕು.

ಪುಸ್ತಕವಿರುವ ಸೇವೆಗೂ ಒಂದು ಭಯವಿದೆ. ಪುಸ್ತಕವೇ ಹೋದರೆ? 2021ರ ಮಾರ್ಚ್ 8ರ ಸಂಜೆ ಬಿಬಿಡಿ ಬಾಗಿಗೆ ಕೂಗಳತೆಯ ದೂರದಲ್ಲಿ, ಸ್ಟ್ರ್ಯಾಂಡ್ ರಸ್ತೆಯ ರೈಲ್ವೆಯ ನ್ಯೂ ಕೊಯ್ಲಾಘಾಟ್ ಕಟ್ಟಡದ ಹದಿಮೂರನೆಯ ಅಂತಸ್ತಿನಲ್ಲಿ ಬೆಂಕಿ ಹೊತ್ತಿತು. ನಾಲ್ವರು ಅಗ್ನಿಶಾಮಕರನ್ನೊಳಗೊಂಡು ಒಂಬತ್ತು ಮಂದಿ ಪ್ರಾಣ ತೆತ್ತರು. ಪೂರ್ವ ವಲಯದ ಟಿಕೆಟು ಕಾದಿರಿಸುವ ಸರ್ವರುಗಳು ಅದೇ ಕಟ್ಟಡದಲ್ಲಿದ್ದುದರಿಂದ ಕಾದಿರಿಸುವಿಕೆಗೂ ತೊಡಕಾಯಿತು. ಸತ್ತವರ ಮುಂದೆ ಟಿಕೆಟಿನ ಮಾತು ಅಲ್ಪವೇ. ಆದರೂ ಇಂಥ ದಿನವೊಂದು ಬಂದೀತೆಂದು ತಿಳಿದೇ ಪರೀಕ್ಷಕರು ಓಡುತ್ತಿರುವ ಪರೀಕ್ಷೆಯ ನಡುವೆ ಒಂದು ಸರ್ವರನ್ನು ಬೇಕೆಂದೇ ನಿಲ್ಲಿಸಿ ನೋಡುತ್ತಾರೆ: ಸೆಷನ್ ಇನ್ನೊಂದು ಸರ್ವರಿಗೆ ದಾಟುವುದೇ, ಇಲ್ಲವೆ ಮರ್ಯಾದೆಯಿಂದ ಮತ್ತೆ ಲಾಗಿನ್ ಕೇಳುವುದೇ, ಹಣ ಕಡಿತವಾಗಿ ಟಿಕೆಟು ಸಿಗದ ತ್ರಿಶಂಕುವಿನಲ್ಲಿ ಗಿರಾಕಿಯನ್ನು ಬಿಡುವುದೇ?

ಕಡೆಯದಾಗಿ, ಪರೀಕ್ಷಕನ ಸ್ವಂತ ಮೇಜಿನ ಮಾತು. ದೋಷವೊಂದು ಕಂಡಾಗ ಬ್ರೌಸರಿನಲ್ಲಿ ನಡೆದುದೆಲ್ಲವನ್ನೂ ಒಂದು ಕಡತವಾಗಿ ಉಳಿಸಿ ತಜ್ಞರಿಗೆ ಕಳುಹಿಸುವ ವಾಡಿಕೆಯಿದೆ. ಅದಕ್ಕೆ ಎಚ್‌ಎಆರ್ ಕಡತವೆಂದು ಹೆಸರು. ಹೋದ ಕೋರಿಕೆ, ಬಂದ ಉತ್ತರ, ಕುಕಿ, ಎಲ್ಲವೂ ಅದರಲ್ಲಿರುತ್ತವೆ. ಎಂದರೆ ಜೀವಂತ ಬಿಲ್ಲೆಯೂ ಇರುತ್ತದೆ. ಸಾವಿರಾರು ಕಂಪೆನಿಗಳ ನೌಕರರಿಗೆ ಲಾಗಿನ್ ಸೇವೆ ಒದಗಿಸುವ ಅಮೆರಿಕದ ಓಕ್ಟಾ ಕಂಪೆನಿಯ ಗ್ರಾಹಕ ಸಹಾಯದ ವ್ಯವಸ್ಥೆಯೊಳಕ್ಕೆ 2023ರ ಸೆಪ್ಟೆಂಬರ್ 28ರಿಂದ ಅಕ್ಟೋಬರ್ 17ರವರೆಗೆ ಕಳ್ಳರು ನುಸುಳಿದ್ದರು. 134 ಗ್ರಾಹಕ ಸಂಸ್ಥೆಗಳ ಕಡತಗಳು ಅವರ ಕೈಗೆ ಸಿಕ್ಕಿದುವು. ಅವುಗಳಲ್ಲಿದ್ದ ಸೆಷನ್ ಗುರುತುಗಳಿಂದ ಐದು ಸಂಸ್ಥೆಗಳ ಸೆಷನ್ನುಗಳನ್ನು ಅವರು ವಶಪಡಿಸಿಕೊಂಡರೆಂದು ಕಂಪೆನಿಯೇ ಬಳಿಕ ಪ್ರಕಟಿಸಿತು. ಬೀಗ ಮುರಿದವರಿಲ್ಲ, ಗುಪ್ತಪದ ಊಹಿಸಿದವರಿಲ್ಲ. ದೋಷ ತೋರಿಸಲೆಂದು ಗ್ರಾಹಕರೇ ಸದುದ್ದೇಶದಿಂದ ಕಳುಹಿಸಿದ ಕಡತದ ನಡುವೆ ಬಿಲ್ಲೆ ಬಿದ್ದಿತ್ತು.

ಆದುದರಿಂದ ಬಲ್ಲ ಪರೀಕ್ಷಕರು ನಿಜವಾದ ಗಿರಾಕಿಯ ಖಾತೆಯನ್ನು ಮುಟ್ಟುವುದಿಲ್ಲ. ಪರೀಕ್ಷೆಗೆಂದೇ ತೆರೆದ ಖಾತೆಗಳಿಂದ ಲಾಗಿನ್ ಮಾಡುತ್ತಾರೆ. ಗುರುತನ್ನು ಪರೀಕ್ಷೆಯ ಬರಹದಲ್ಲಿ ಶಾಶ್ವತವಾಗಿ ಬರೆದಿಡುವುದಿಲ್ಲ. ಕಡತವನ್ನು ಯಾರಿಗಾದರೂ ಕಳುಹಿಸುವ ಮುನ್ನ ಕುಕಿಯ ಸಾಲುಗಳನ್ನು ಅಳಿಸುತ್ತಾರೆ. ಪರೀಕ್ಷೆ ನಡುವೆಯೇ ಮುರಿದುಬಿದ್ದರೂ ಲಾಗೌಟ್ ಮಾತ್ರ ತಪ್ಪದೆ ನಡೆಯುವಂತೆ ಅದನ್ನು ಕೊನೆಯ ಕಡ್ಡಾಯದ ಹೆಜ್ಜೆಯಾಗಿ ಇಟ್ಟಿರುತ್ತಾರೆ; ಇಲ್ಲವಾದರೆ ರಾತ್ರಿಯೆಲ್ಲ ಓಡಿದ ಪರೀಕ್ಷೆ ಬೆಳಗಾಗುವಷ್ಟರಲ್ಲಿ ಸಾವಿರಾರು ಅನಾಥ ಸೆಷನ್ನುಗಳನ್ನು ಸರ್ವರಿನ ತಲೆಗೆ ಕಟ್ಟಿರುತ್ತದೆ. ಸಂಜೆ ಬಿಲ್ಲೆ ಎಣಿಸುತ್ತಿದ್ದ ಹಳೆಯ ಗುಮಾಸ್ತನಿಗೆ ಇದರಲ್ಲಿ ಹೊಸದೇನೂ ಕಾಣಲಾರದು.

ಪರೀಕ್ಷಕರಲ್ಲದ ವಾಚಕರು ಮಾಡಬಹುದಾದುದೂ ಸ್ವಲ್ಪ ಇದೆ. ಕಛೇರಿಯ ಸಾಮಾನ್ಯ ಯಂತ್ರದಲ್ಲಿಯೋ ಸೈಬರ್ ಅಂಗಡಿಯಲ್ಲಿಯೋ ಬ್ಯಾಂಕಿನ ಪುಟ ತೆರೆದವರು ಕಿಟಕಿಯನ್ನು ಮುಚ್ಚಿ ಏಳದೆ ಲಾಗೌಟ್ ಒತ್ತಿ ಏಳಬೇಕು. ದೂರು ಹೇಳಿಕೊಳ್ಳುವಾಗ ಯಾರೇ ಕೇಳಲಿ, ಪುಟದ ವಿಳಾಸದ ಪೂರ್ಣ ಸಾಲನ್ನಾಗಲಿ ಪರದೆಯ ಅಧಿಕಾರವನ್ನಾಗಲಿ ಅಪರಿಚಿತರಿಗೆ ಕೊಡಬಾರದು. ಮೊಬೈಲು ಕಳೆದುಹೋದರೆ ಗುಪ್ತಪದ ಬದಲಿಸಿದರೆ ಸಾಕೆಂದು ಹಲವರ ನಂಬಿಕೆ. ಕೆಲವು ಸೇವೆಗಳಲ್ಲಿ ಹಳೆಯ ಸೆಷನ್ ಅದರಿಂದ ಸಾಯುವುದಿಲ್ಲ. ಗೂಗಲ್, ವಾಟ್ಸ್ಆ್ಯಪ್ ಮುಂತಾದವುಗಳಲ್ಲಿ ಯಾವ ಯಾವ ಯಂತ್ರಗಳಲ್ಲಿ ನಿಮ್ಮ ಲಾಗಿನ್ ಜೀವಂತವಿದೆಯೆಂಬ ಪಟ್ಟಿ ಸೆಟ್ಟಿಂಗ್ಸಿನಲ್ಲಿ ಸಿಗುತ್ತದೆ. ಗುರುತು ಹತ್ತದ ಯಂತ್ರ ಅಲ್ಲಿದ್ದರೆ, ಅದರ ಎದುರಿಗಿರುವ ಲಾಗೌಟನ್ನು ಒತ್ತಿದ ಬಳಿಕ ಗುಪ್ತಪದವನ್ನೂ ಬದಲಿಸಿರಿ.